ಆಂಟಿಆಕ್ಸಿಡೆಂಟ್ ಪ್ರೋಟೀನ್ ಮತ್ತು ನರಗಳ ಕಾಯಿಲೆ: ಪುಡಿ ಡಬ್ಬಿ ಕೊಳ್ಳುವ ಮುಂಚೆ

ಮನೆಯಲ್ಲಿ ಯಾರಿಗಾದರೂ ಕೈ ನಡುಗಿಸುವ ಪಾರ್ಕಿನ್ಸನ್ ಅಥವಾ ಕೈಕಾಲಿನ ಶಕ್ತಿ ಕುಂದಿಸುವ ಎಎಲ್‌ಎಸ್ ಇದೆ ಅಂತ ಗೊತ್ತಾಗಿ, ಬಳ್ಳಾರಿಯಿಂದ ರಾತ್ರಿ ರೈಲು ಹತ್ತಿ ನಿಮ್ಹಾನ್ಸ್‌ಗೆ ಹೋಗಿ ಬರುವಷ್ಟರಲ್ಲಿ ನೆಂಟರಿಂದ ಒಂದು ಸಲಹೆ ಬಂದೇ ಬಂದಿರುತ್ತದೆ. "ಆಂಟಿಆಕ್ಸಿಡೆಂಟ್ ಕೊಡ್ರಿ, ನರ ಗಟ್ಟಿ ಆಗ್ತಾವ." ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಪುಡಿಗೆ ಸಾವಿರಾರು ರೂಪಾಯಿ ಸುರಿಯುವ ಮುಂಚೆ ಈ ವಿಜ್ಞಾನ ಎಲ್ಲಿಂದ ಬಂತು, ಎಲ್ಲಿ ಎಡವಿತು ಅಂತ ತಿಳಿದುಕೊಳ್ಳುವುದು ಒಳ್ಳೆಯದು.

1956ರಲ್ಲಿ ಅಮೆರಿಕದ ಡೆನ್ಹಮ್ ಹಾರ್ಮನ್ ಒಂದು ಮಾತು ಮುಂದಿಟ್ಟರು. ನಾವು ಉಸಿರಾಡುವ ಆಕ್ಸಿಜನ್‌ನಿಂದಲೇ ದೇಹದೊಳಗೆ ಫ್ರೀ ರ‍್ಯಾಡಿಕಲ್ ಅನ್ನುವ ಪುಂಡ ಕಣಗಳು ಹುಟ್ಟುತ್ತವೆ, ಅವು ಜೀವಕೋಶಗಳನ್ನು ಹಾಳು ಮಾಡುತ್ತವೆ, ಮುಪ್ಪು ಬರುವುದೇ ಹೀಗೆ ಅಂತ. ಆಗ ನಂಬಿದವರು ಕಡಿಮೆ. 1969ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೋವಿಚ್ ಬೇರೆ ದಾರಿಯಿಂದ ಅಲ್ಲಿಗೇ ಬಂದರು. ರಕ್ತದಲ್ಲಿ ತಾಮ್ರ ಇರುವ ಒಂದು ಪ್ರೋಟೀನ್ ಇದೆ ಅಂತ 1938ರಿಂದಲೇ ಗೊತ್ತಿತ್ತು, ಅದು ಏನು ಮಾಡುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅದು ಸೂಪರ್‌ಆಕ್ಸೈಡ್ ಅನ್ನುವ ಪುಂಡ ಕಣವನ್ನು ಹಿಡಿದು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ ಅಂತ ಇವರು ತೋರಿಸಿದರು. ಆಮೇಲೆ ಕ್ಯಾಟಲೇಸ್, ಪೆರಾಕ್ಸಿರೆಡಾಕ್ಸಿನ್‌ನಂಥ ಬೇರೆ ಪ್ರೋಟೀನ್‌ಗಳು ಆ ಪೆರಾಕ್ಸೈಡನ್ನು ನೀರಾಗಿಸುತ್ತವೆ. ತಾಮ್ರದ ಪ್ರೋಟೀನಿಗೆ ಸೂಪರ್‌ಆಕ್ಸೈಡ್ ಡಿಸ್‌ಮ್ಯುಟೇಸ್ ಅಂತ ಹೆಸರಾಯಿತು, ಚಿಕ್ಕದಾಗಿ ಎಸ್‌ಒಡಿ1. ಪುಂಡ ಕಣಗಳನ್ನು ಹೀಗೆ ತಡೆಯುವ ವಸ್ತುವೇ ಆಂಟಿಆಕ್ಸಿಡೆಂಟ್.

ಮಿದುಳಿಗೆ ಈ ಕಾವಲು ತುಂಬಾ ಬೇಕು. ದೇಹದ ತೂಕದಲ್ಲಿ ಶೇ. 2 ಇರುವ ಅಂಗ, ಆಕ್ಸಿಜನ್ನಿನಲ್ಲಿ ಸುಮಾರು ಶೇ. 20 ಖರ್ಚು ಮಾಡುತ್ತದೆ.

1993ರಲ್ಲಿ ದೊಡ್ಡ ಸುದ್ದಿ ಬಂತು. ಕೈಕಾಲಿನ ಶಕ್ತಿ ಕುಂದುತ್ತಾ ಬಂದು ಕೊನೆಗೆ ಉಸಿರಾಟಕ್ಕೇ ತೊಂದರೆ ಕೊಡುವ ಎಎಲ್‌ಎಸ್ ಕೆಲವು ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ, ಅಂಥ ಕೆಲವು ಮನೆತನಗಳಲ್ಲಿ ಕೆಟ್ಟಿದ್ದ ಜೀನ್ ಇದೇ ಎಸ್‌ಒಡಿ1ರದ್ದು. ಎಲ್ಲರೂ ಲೆಕ್ಕ ಹಾಕಿದ್ದು ಒಂದೇ: ಕಾವಲುಗಾರ ಇಲ್ಲ, ಅದಕ್ಕೇ ನರ ಸಾಯುತ್ತಿದೆ, ಆಂಟಿಆಕ್ಸಿಡೆಂಟ್ ತುಂಬಿದರೆ ಮುಗಿಯಿತು.

ಇಲಿಗಳು ಈ ಲೆಕ್ಕ ತಪ್ಪು ಅಂತ ತೋರಿಸಿದವು. 1994ರಲ್ಲಿ ಮನುಷ್ಯರ ಕೆಟ್ಟ ಎಸ್‌ಒಡಿ1 ಜೀನನ್ನು ಇಲಿಗಳಿಗೆ ಸೇರಿಸಿದರು. ಅವುಗಳ ಸ್ವಂತ ಒಳ್ಳೆಯ ಎಸ್‌ಒಡಿ1 ಹಾಗೇ ಇತ್ತು, ಆದರೂ ಕಾಲಿನ ಶಕ್ತಿ ಬಿದ್ದುಹೋಯಿತು. 1996ರಲ್ಲಿ ಇನ್ನೊಂದು ತಂಡ ಇಲಿಗಳ ಸ್ವಂತ ಎಸ್‌ಒಡಿ1 ಜೀನನ್ನೇ ಪೂರ್ತಿ ತೆಗೆದುಹಾಕಿತು. ಆ ಇಲಿಗಳಿಗೆ ಎಎಲ್‌ಎಸ್ ಬರಲಿಲ್ಲ! ಅಂದರೆ ಕಾವಲು ಕಡಿಮೆಯಾಗಿ ಕಾಯಿಲೆ ಬಂದದ್ದಲ್ಲ. ಕೆಟ್ಟ ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳದೆ ಗಂಟುಗಂಟಾಗಿ ತಾನೇ ವಿಷವಾಗುತ್ತಿತ್ತು. ಮನುಷ್ಯರಲ್ಲಿ ಬೆನ್ನುಹುರಿಯಿಂದ ಪಾದದವರೆಗೆ ಒಂದೇ ನರಕೋಶದ ಎಳೆ ಸುಮಾರು ಒಂದು ಮೀಟರ್ ಇರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಕಡಿಮೆಯಾದರೆ ಮೊದಲು ಒಣಗುವುದು ರಾಯಚೂರಿನ ಕೊನೆಭಾಗದ ಹೊಲ ಅಲ್ವಾ, ಹಾಗೆ ಈ ಇಲಿಗಳಲ್ಲಿ ಮೊದಲು ಕಳಚಿಕೊಂಡದ್ದು ನರ ಸ್ನಾಯುವಿಗೆ ಕೂಡುವ ತುದಿ.

ಹಾಗಾಗಿ ಔಷಧಿ ಹುಡುಕುವ ದಿಕ್ಕೇ ತಿರುಗಿತು. 2023ರ ಏಪ್ರಿಲ್‌ನಲ್ಲಿ ಅಮೆರಿಕ ಒಪ್ಪಿದ ಟೋಫರ್ಸೆನ್ ಅನ್ನುವ ಔಷಧಿ ಎಸ್‌ಒಡಿ1ರ ಉತ್ಪಾದನೆಯನ್ನೇ ಕಡಿಮೆ ಮಾಡುತ್ತದೆ. ಬೆನ್ನಿನಲ್ಲಿ ಸೂಜಿ ಹಾಕಿ ಕೊಡಬೇಕು. 28 ವಾರಗಳ ಪ್ರಯೋಗದಲ್ಲಿ ರೋಗಿಗಳ ಶಕ್ತಿ ಉಳಿಯಿತು ಅಂತ ಖಚಿತವಾಗಿ ತೋರಲಿಲ್ಲ, ನರ ಹಾಳಾಗುತ್ತಿರುವುದನ್ನು ಸೂಚಿಸುವ ನ್ಯೂರೋಫಿಲಮೆಂಟ್ ಅನ್ನುವ ಪ್ರೋಟೀನ್ ಮಾತ್ರ ರಕ್ತದಲ್ಲಿ ಇಳಿಯಿತು. ಇದು ಎಸ್‌ಒಡಿ1 ಕೆಟ್ಟವರಿಗೆ ಮಾತ್ರ. ಅಂಥವರು ಎಎಲ್‌ಎಸ್ ರೋಗಿಗಳಲ್ಲಿ ನೂರಕ್ಕೆ ಇಬ್ಬರು ಅಷ್ಟೇ.

ಪಾರ್ಕಿನ್ಸನ್ ಕಥೆ ತದ್ವಿರುದ್ಧ. 2003ರಲ್ಲಿ ಡಿಜೆ-1 ಅನ್ನುವ ಇನ್ನೊಂದು ಕಾವಲು ಪ್ರೋಟೀನಿನ ಜೀನಿಗೂ ಪಾರ್ಕಿನ್ಸನ್‌ಗೂ ನಂಟು ಇದೆ ಅಂತ ಗೊತ್ತಾಯಿತು. ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಪ್ರತಿ ಕೆಟ್ಟರೆ ಚಿಕ್ಕ ವಯಸ್ಸಿನಲ್ಲೇ ಪಾರ್ಕಿನ್ಸನ್ ಬರುತ್ತದೆ. ಇಲ್ಲಿ ಪ್ರೋಟೀನ್ ಇಲ್ಲದಿರುವುದೇ ತೊಂದರೆ. ಬಲು ಅಪರೂಪದ ಕಾಯಿಲೆ ಇದು, ಆದರೆ ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಡುವ ರೂಢಿ ಇರುವ ನಮ್ಮ ಕಡೆ, ನಲವತ್ತರೊಳಗೆ ಕೈ ನಡುಗಲು ಶುರುವಾದವರ ಮನೆಯ ವಂಶಾವಳಿಯನ್ನು ಡಾಕ್ಟರ್ ಮುಂದೆ ಮುಚ್ಚಿಡದೆ ಹೇಳಬೇಕು.

ಹಾಗಾದರೆ ಪುಡಿ, ಮಾತ್ರೆ? ಅಮೆರಿಕ ಮತ್ತು ಕೆನಡಾದಲ್ಲಿ ಪಾರ್ಕಿನ್ಸನ್ ಶುರುವಾಗಿದ್ದ 800 ಜನರ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ದಿನಕ್ಕೆ 2,000 ಯೂನಿಟ್ ವಿಟಮಿನ್ ಇ ಕೊಟ್ಟು ನೋಡಿದ್ದರು. 1993ರಲ್ಲಿ ಫಲಿತಾಂಶ ಬಂತು, ಕಾಯಿಲೆ ನಿಧಾನವಾಗಲಿಲ್ಲ. ವಿಟಮಿನ್ ಕಣ ಒಂದು ಪುಂಡನನ್ನು ತಡೆದು ತಾನೂ ಖರ್ಚಾಗಿಬಿಡುತ್ತದೆ, ಪ್ರೋಟೀನ್ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತದೆ. ಇನ್ನು ಎಸ್‌ಒಡಿಯನ್ನೇ ಪುಡಿ ಮಾಡಿ ನುಂಗಿದರೆ ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತದೆ, ಮಿದುಳಿನವರೆಗೆ ಹೋಗುವ ಮಾತೇ ಇಲ್ಲ. ಆ ದುಡ್ಡು ಫಿಸಿಯೋಥೆರಪಿಗೆ, ಹೊತ್ತಿಗೆ ಸರಿಯಾಗಿ ತಗೊಳ್ಳುವ ಮಾತ್ರೆಗೆ ಹೋಗಲಿ ಅನ್ನುವುದು ನನ್ನ ಕಳಕಳಿ.

ನಮ್ಮ ಸೀಮೆಗೆ ಹತ್ತಿರದ ವಿಷಯ ಬೇರೆಯೇ ಇದೆ. ಪ್ಯಾರಾಕ್ವಾಟ್ ಅನ್ನುವ ಕಳೆ ಎಣ್ಣೆ (ಕಳೆನಾಶಕ) ಜೀವಕೋಶದೊಳಗೆ ಹೊಕ್ಕು ಬಿಡದೆ ಸೂಪರ್‌ಆಕ್ಸೈಡ್ ಹುಟ್ಟಿಸುತ್ತದೆ, ಎಸ್‌ಒಡಿ ಹಿಡಿಯಬೇಕಾದ ಅದೇ ಪುಂಡ ಕಣ. ಅಮೆರಿಕದ ರೈತರ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪ್ಯಾರಾಕ್ವಾಟ್ ಅಥವಾ ರೋಟೆನೋನ್ ಅನ್ನುವ ಕೀಟನಾಶಕ ಬಳಸಿದವರಲ್ಲಿ ಪಾರ್ಕಿನ್ಸನ್ ಸುಮಾರು ಎರಡೂವರೆ ಪಟ್ಟು ಜಾಸ್ತಿ ಕಂಡಿತ್ತು. ಎಣ್ಣೆಯೇ ಕಾರಣ ಅಂತ ಅದೊಂದರಿಂದಲೇ ಸಾಬೀತಾಗುವುದಿಲ್ಲ, ಆದರೆ ಸುಮ್ನೆ ಬಿಡುವ ಮಾತೂ ಅಲ್ಲ. ಯುರೋಪ್ ಒಕ್ಕೂಟದಲ್ಲಿ 2007ರಿಂದ ಇದು ಇಲ್ಲ, ನಮ್ಮ ದೇಶದಲ್ಲಿ ಮಾರಾಟವಾಗುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಬೆನ್ನಿಗೆ ಡಬ್ಬ ಕಟ್ಟಿ, ಬಾಯಿಗೆ ಟವೆಲ್ ಸುತ್ತಿ, ಬರಿಗೈಲಿ ಎಣ್ಣೆ ಕಲಸಿ ಕೂಲಿಗೆ ಹೊಡೆಯುವ ಹುಡುಗರನ್ನು ನೋಡಿದಾಗ ನನಗೆ ಈ ಅಧ್ಯಯನವೇ ನೆನಪಾಗುತ್ತದೆ. ಇದು ಚರ್ಮದಿಂದಲೂ ಒಳಗಿಳಿಯುತ್ತದೆ, ಕೈಯಲ್ಲಿ ಗಾಯ ಇದ್ದರೆ ಇನ್ನೂ ಜಾಸ್ತಿ. ಬಾಟಲಿ ಮೇಲೆ ಕಂಪನಿ ಹೆಸರು ಏನೇ ಇರಲಿ, ಕೆಳಗೆ ಚಿಕ್ಕ ಅಕ್ಷರದಲ್ಲಿ 'ಪ್ಯಾರಾಕ್ವಾಟ್ ಡೈಕ್ಲೋರೈಡ್' ಅಂತ ಇದೆಯಾ ನೋಡಿ. ಇದ್ದರೆ ಬೇರೆ ದಾರಿ ಏನಿದೆ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಹೊಡೆಯಲೇಬೇಕಾಗಿ ಬಂದರೆ ಕೂಲಿಯ ಹುಡುಗನಿಗೆ ಮೊಣಕೈವರೆಗಿನ ರಬ್ಬರ್ ಗ್ಲೌಸ್ ಮತ್ತು ಮೈತುಂಬಾ ಬಟ್ಟೆ ನೀವೇ ಕೊಡಿಸಿ.