ಹರ್ಟ್ಸ್ ಅಂದ್ರೆ ಗಾಯ ಅಲ್ಲ, ಹಣ್ಣು: ಐರ್ಲೆಂಡಿನ ಹಳೇ ಪೇಪರ್‌ಗಳಲ್ಲಿ ಕಾಡು ಬೆರ್ರಿ

19ನೇ ಶತಮಾನದ ಐರಿಶ್ ಲೋಕಲ್ ಪೇಪರ್‌ಗಳು ಈಗ ಸ್ಕ್ಯಾನ್ ಆಗಿ ಆನ್‌ಲೈನಲ್ಲಿ ಸಿಗ್ತವೆ, ಆದ್ರೆ ಅದ್ರಲ್ಲಿ ಕಾಡು ಹಣ್ಣಿನ ಸುದ್ದಿ ಹುಡುಕೋಕೆ ಕೂತ್ರೆ ಮೊದಲು ತಲೆ ತಿನ್ನೋದು ಹೆಸರುಗಳೇ. ಬೆಟ್ಟದ ಮೇಲೆ ಹೀದರ್ ಪೊದೆ ಮಧ್ಯೆ ಒಂದು ಕುಳ್ಳ ಗಿಡ, ಬಟಾಣಿಯಷ್ಟು ದಪ್ಪದ ಕಪ್ಪು-ನೀಲಿ ಹಣ್ಣು, ಎರಡು ಹಿಡಿ ತಿಂದ್ರೆ ನಾಲಿಗೆ ಬೆರಳು ಎಲ್ಲಾ ನೇರಳೆ. ಪುಸ್ತಕದ ಇಂಗ್ಲಿಷಲ್ಲಿ ಬಿಲ್‌ಬೆರ್ರಿ. ಐರಿಶ್ ಭಾಷೇಲಿ ಫ್ರೇಖಾನ್, ಹೀದರಿಗೆ ಅವರು ಫ್ರೇಖ್ ಅಂತಾರಲ್ಲ, ಅದರಿಂದ ಬಂದಿದ್ದು. ಇಂಗ್ಲಿಷಲ್ಲಿ ಬರೆಯೋರು ಇದನ್ನ ಕಿವಿಗೆ ಬಿದ್ದಂಗೆ ಫ್ರಾಹನ್, ಫ್ರಾಕನ್ ಅಂತೆಲ್ಲ ಮಾಡ್ಕೊಂಡ್ರು. ಉತ್ತರದ ಅಲ್‌ಸ್ಟರಲ್ಲಿ ಸ್ಕಾಟ್ಲೆಂಡಿಂದ ಬಂದೋರು ಜಾಸ್ತಿ, ಹಂಗಾಗಿ ಅಲ್ಲಿ ಬ್ಲೇಬೆರ್ರಿ. ದಕ್ಷಿಣದ ಕಡೆ ವರ್ಟ್ಸ್, ಹರ್ಟ್ಸ್. ಹರ್ಟ್ಸ್ ಅಂತ ಸರ್ಚ್ ಕೊಟ್ರೆ ಕುದುರೆಗಾಡಿಯಿಂದ ಬಿದ್ದು ಪೆಟ್ಟು ಮಾಡ್ಕೊಂಡೋರೇ ಸಾಲುಗಟ್ಟಿ ಬರ್ತಾರೆ.

ಇನ್ನೊಂದು ತೊಡಕು, ಹಣ್ಣು ಕೀಳೋರು ಬೇರೆ, ಪೇಪರ್ ಓದೋರು ಬೇರೆ. 1841ರ ಜನಗಣತಿ ಪ್ರಕಾರ ಐದು ವರ್ಷ ದಾಟಿದವರಲ್ಲಿ ನೂರಕ್ಕೆ 53 ಜನಕ್ಕೆ ಓದು ಬರ್ತಿರಲಿಲ್ಲ. ಪೇಪರ್ ಅಚ್ಚಾಗ್ತಿದ್ದಿದ್ದು ಪಟ್ಟಣದಲ್ಲಿ, ಅದೂ ಇಂಗ್ಲಿಷಲ್ಲಿ, ಮೇಲಿಂದ 1855ರವರೆಗೂ ಸ್ಟಾಂಪ್ ತೆರಿಗೆ ಬೇರೆ, ಅಂದ್ರೆ ಪೇಪರಿನ ಪ್ರತಿ ಕಾಪಿ ಮೇಲೂ ಸರ್ಕಾರದ ತೆರಿಗೆ. ಹಾಗಾಗಿ ಬೆರ್ರಿ ಸುದ್ದಿ ಆಗ್ಬೇಕಂದ್ರೆ ಏನಾದ್ರೂ ವಿಚಿತ್ರ ನಡೀಬೇಕಿತ್ತು. ಡಿಸೆಂಬರಲ್ಲಿ ಹಣ್ಣಾದ ಸ್ಟ್ರಾಬೆರ್ರಿ ಸಿಕ್ತು ನೋಡಿ, ಈ ಸಲ ಚಳಿನೇ ಇಲ್ಲ ಅನ್ನೋದು ಒಂದು. ಬೇಲಿ ಮೇಲೆ ‘ಹಾ’ ಹಣ್ಣು (ಹಾಥಾರ್ನ್ ಅನ್ನೋ ಮುಳ್ಳುಗಿಡದ ಕೆಂಪು ಹಣ್ಣು) ಜಾಸ್ತಿ ಬಿಟ್ಟಿದೆ, ಮುಂದೆ ಕಡು ಚಳಿಗಾಲ ಅನ್ನೋದು ಇನ್ನೊಂದು. ಇಲ್ಲಾಂದ್ರೆ ವಿಷದ ಹಣ್ಣು ತಿಂದ ಮಗುವಿನ ಸಾವಿನ ವಿಚಾರಣೆ.

ಬಡವರಿಗೆ ಇದು ವಿಚಿತ್ರ ಅಲ್ಲ, ಊಟ. ಹಳೇ ಆಲೂಗಡ್ಡೆ ಮುಗಿದು ಹೊಸದು ಇನ್ನೂ ಅಗೆಯೋಕೆ ಬರದ ಜುಲೈ ತಿಂಗಳನ್ನ ಐರಿಶರು ಎಲೆಕೋಸಿನ ಜುಲೈ ಅಂತ ಕರೀತಿದ್ರು, ಸೊಪ್ಪು-ಸದೆ ತಿಂದು ದಿನ ತಳ್ಳೋ ತಿಂಗಳು, ಫ್ರಾಹನ್ ಹಣ್ಣಾಗೋದೂ ಸರಿಯಾಗಿ ಆಗಲೇ. 1845ರಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಮುಂದಿನ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಆವಾಗ ಜನ ಬ್ಲ್ಯಾಕ್‌ಬೆರ್ರಿ, ‘ಹಾ’ ಹಣ್ಣು, ತುರಿಕೆ ಸೊಪ್ಪು, ಹೀಗೆ ಸಿಕ್ಕಿದ್ದೆಲ್ಲಾ ತಿಂದ್ರು.

ಆಮೇಲೆ ಕತೆ ತಿರುಗಿದ್ದು ದುಡ್ಡಿನಿಂದ. ಸ್ಟಾಂಪ್ ತೆರಿಗೆ ಹೋಯ್ತು, 1861ರಲ್ಲಿ ಕಾಗದದ ತೆರಿಗೇನೂ ಹೋಯ್ತು, ಸಣ್ಣ ಸಣ್ಣ ಊರಲ್ಲೂ ಪೇಪರ್ ಶುರುವಾದ್ವು (ರಷ್ಯಾದ ಮೇಲೆ ಕಣ್ಣಿಟ್ಟಿದೀವಿ ಅಂತ ಬರೆದು ಮುಂದೆ ಹೆಸರು ಮಾಡಿದ ಸ್ಕಿಬ್ಬರೀನ್ ಈಗಲ್ ಅನ್ನೋ ಸಣ್ಣ ಊರಿನ ಪೇಪರ್ ಹುಟ್ಟಿದ್ದು 1857ರಲ್ಲಿ). 1874ರಲ್ಲಿ ಸಕ್ಕರೆ ಸುಂಕ ತೆಗೆದಿದ್ದೇ ತಡ, ಜ್ಯಾಮ್ ಅಗ್ಗ ಆಗಿ ಇಂಗ್ಲೆಂಡಿನ ಫ್ಯಾಕ್ಟರಿಗಳಿಗೆ ಹಣ್ಣು ಸಾಲ್ದಾಯ್ತು, ಬೇಲಿ ಹಣ್ಣಿಗೂ ರೇಟ್ ಬಂತು. ರೇಟ್ ಬಂದ್ಮೇಲೆ ಕೇಳ್ಬೇಕಾ, ಪೇಪರಲ್ಲೂ ಜಾಗ ಸಿಕ್ತು.

ಆದ್ರೆ ನಂಗೆ ಬೇಕಿದ್ದಿದ್ದು ಜುಲೈ ಕೊನೇ ಭಾನುವಾರ, ಅಂದ್ರೆ ಫ್ರಾಹನ್ ಭಾನುವಾರ. ಅವತ್ತು ಹುಡುಗ್ರು ಹುಡುಗೀರು ಗುಂಪು ಕಟ್ಕೊಂಡು ಬೆಟ್ಟ ಹತ್ತೋರು, ಹಣ್ಣು ಭರ್ತಿ ಇದ್ರೆ ಆ ವರ್ಷ ಬೆಳೇನೂ ಚೆನ್ನಾಗಿ ಬರತ್ತೆ ಅನ್ನೋ ನಂಬಿಕೆ. ಇದರ ಒಳಗಿನ ವಿವರ ಜಾಸ್ತಿ ಸಿಗೋದು ಪೇಪರಲ್ಲಲ್ಲ, 1942ರಲ್ಲಿ ಐರಿಶ್ ಜಾನಪದ ಆಯೋಗ ಊರೂರಿಗೆ ಕಳಿಸಿದ ಪ್ರಶ್ನೆಪಟ್ಟಿಗೆ ಬಂದ ಉತ್ತರಗಳಲ್ಲಿ. ಡೊನೆಗಾಲ್ ಕಡೆ ಹುಡುಗ್ರು ಹಣ್ಣನ್ನ ದಾರಕ್ಕೆ ಪೋಣಿಸಿ ಹುಡುಗೀರ ಕೈಗೆ ಬಳೆ ಹಾಕೋರಂತೆ, ಸಂಜೆ ಇಳಿಯೋ ಹೊತ್ತಿಗೆ ಅವ್ರು ಅದನ್ನ ಬಿಚ್ಚಿ ಬೆಟ್ಟದ ಮೇಲೇ ಬಿಟ್ಟು ಬರೋರಂತೆ.