ಮರೆಗೆ ಬಳ್ಳಿ ಆರಿಸುವಾಗ ಮೊದಲು ಬುಡ ನೋಡಿ

ತೋಟದಲ್ಲಿ ಮರೆಗೆಂದು ಬಳ್ಳಿ ಕೇಳುವವರು ಸಾಮಾನ್ಯವಾಗಿ ಹೂವಿನ ಬಣ್ಣದಿಂದ ಮಾತು ಶುರುಮಾಡುತ್ತಾರೆ. ನಾನು ಮೊದಲು ಕೇಳುವುದು, ನೀವು ಕೂರುವುದು ಎಲ್ಲಿ, ನಿಮ್ಮನ್ನು ನೋಡುವ ಕಣ್ಣು ಎಲ್ಲಿದೆ ಎಂದು. ಕುರ್ಚಿಯಲ್ಲಿ ಕೂತಾಗ ನಮ್ಮ ಕಣ್ಣು ನೆಲದಿಂದ ಸುಮಾರು ನಾಲ್ಕು ಅಡಿ ಮೇಲಿರುತ್ತದೆ. ಹಾಗಾಗಿ ಎಲೆ ದಟ್ಟವಾಗಿರಬೇಕಾದದ್ದು ಎರಡರಿಂದ ಆರು ಅಡಿಯ ನಡುವೆ. ಬಳ್ಳಿಯ ಸ್ವಭಾವವೋ ಇದಕ್ಕೆ ತದ್ವಿರುದ್ಧ. ಅದರ ಪಾಡಿಗೆ ಬಿಟ್ಟರೆ ಬೆಳಕು ಹುಡುಕಿಕೊಂಡು ಮೇಲೆ ಹೋಗಿ, ನೆತ್ತಿಯಲ್ಲಿ ಗುಂಪುಗಟ್ಟಿಕೊಂಡು, ಕೆಳಗೆ ಬರೀ ಕಾಂಡ ಉಳಿಸುತ್ತದೆ. ನೆಟ್ಟು ಮೂರು ವರ್ಷವಾದ ಮೇಲೆ "ಮೇಲೆಲ್ಲ ಹಸಿರು, ಕೆಳಗೆ ಆಚೆ ಮನೆ ಕಾಣುತ್ತೆ" ಎಂಬ ದೂರು ಬರುವುದು ಇದರಿಂದಲೇ. ಕೆಳಗಿನ ಮೂರು ಅಡಿಯಲ್ಲಿ ಈ ಬಳ್ಳಿ ಎಲೆ ಉಳಿಸಿಕೊಳ್ಳುತ್ತದೆಯೇ, ಉಳಿಸಿಕೊಳ್ಳುವಂತೆ ಅದನ್ನು ಪಳಗಿಸಬಹುದೇ? ಆಯ್ಕೆಗೆ ನಾನು ಹಿಡಿಯುವ ಅಳತೆಗೋಲು ಇದೊಂದೇ.

ನೋಡುವ ಕಣ್ಣು ಮಹಡಿಯ ಕಿಟಕಿಯಲ್ಲಿದ್ದರೆ ಜನ ಬೇಲಿಯ ಮೇಲೆ ಇನ್ನಷ್ಟು ಎತ್ತರ ಕಟ್ಟಲು ಹೊರಡುತ್ತಾರೆ. ಅದು ಬೇಕಿಲ್ಲ. ಕಿಟಕಿ 16 ಅಡಿ ಎತ್ತರದಲ್ಲಿ, ನಿಮ್ಮ ಕುರ್ಚಿಯಿಂದ 30 ಅಡಿ ದೂರದಲ್ಲಿದೆ ಎನ್ನೋಣ. ಆ ಕಿಟಕಿಯಿಂದ ನಿಮ್ಮ ಮುಖಕ್ಕೆ ಒಂದು ಗೆರೆ ಎಳೆದರೆ, ಕುರ್ಚಿಯಿಂದ 20 ಅಡಿ ಆಚೆ, ಬೇಲಿಯ ಹತ್ತಿರ, ಅದು 12 ಅಡಿ ಎತ್ತರದಲ್ಲಿ ಹಾದುಹೋಗುತ್ತದೆ. ಕುರ್ಚಿಯಿಂದ ಐದೇ ಅಡಿ ದೂರದಲ್ಲಿ ಅದರ ಎತ್ತರ ಆರು ಅಡಿ. ಬೇಲಿಯಲ್ಲಿ 12 ಅಡಿ ಕೇಳುವ ಮರೆ, ಕೂರುವ ಜಾಗದ ಪಕ್ಕಕ್ಕೆ ಬಂದರೆ ಆರು ಅಡಿಗಿಂತ ಚೂರು ಹೆಚ್ಚಿದ್ದರೆ ಸಾಕು. ಗಿಡ ಕೊಳ್ಳುವ ಮುಂಚೆ ಒಬ್ಬರು ಕುರ್ಚಿಯಲ್ಲಿ ಕೂತು, ಇನ್ನೊಬ್ಬರು ಉದ್ದನೆಯ ಕೋಲು ಹಿಡಿದು ನಿಂತು ನೋಡಿದರೆ ಹತ್ತು ನಿಮಿಷದಲ್ಲಿ ಜಾಗ ಗೊತ್ತಾಗುತ್ತದೆ.

ಆಮೇಲೆ ಬರುವ ಪ್ರಶ್ನೆ, ಬಳ್ಳಿ ಯಾವುದನ್ನು ಹಿಡಿದು ಹತ್ತುತ್ತದೆ ಎಂಬುದು. ಚಾರ್ಲ್ಸ್ ಡಾರ್ವಿನ್ 1865ರಲ್ಲೇ ಬಳ್ಳಿಗಳನ್ನು ಹತ್ತುವ ರೀತಿಯ ಮೇಲೆ ವಿಂಗಡಿಸಿದ್ದ. ತೋಟದ ಕೆಲಸಕ್ಕೆ ಇಂದಿಗೂ ಅಷ್ಟು ಉಪಯುಕ್ತವಾದ ವಿಂಗಡಣೆ ಇನ್ನೊಂದಿಲ್ಲ. ಶಂಖಪುಷ್ಪ, ಸ್ಟಾರ್ ಜಾಸ್ಮಿನ್, ಥನ್‌ಬರ್ಜಿಯಾಗಳು ಕಾಂಡವನ್ನೇ ಸುತ್ತಿಕೊಂಡು ಏರುತ್ತವೆ. ಅವಕ್ಕೆ ತಂತಿ ಅಥವಾ ತೆಳುವಾದ ಕೋಲು ಬೇಕು. ಆರಿಂಚಿನ ಕಂಬವನ್ನು ತಬ್ಬಲಾರದೆ ಜಾರುತ್ತವೆ. ಪ್ಯಾಶನ್ ಫ್ರೂಟ್ ಹತ್ತುವುದು ದಾರದಂಥ ಕುಡಿಗಳಿಂದ. ಆ ಕುಡಿಯೊಂದನ್ನು ಹತ್ತಿರದಿಂದ ನೋಡಿ: ತುದಿ ತಂತಿಯನ್ನು ಹಿಡಿದ ಮೇಲೆ ಉಳಿದ ಭಾಗ ಸುರುಳಿಯಾಗುತ್ತದೆ, ಅರ್ಧ ಒಂದು ದಿಕ್ಕಿಗೆ, ಅರ್ಧ ಅದರ ವಿರುದ್ಧ ದಿಕ್ಕಿಗೆ, ನಡುವೆ ಒಂದಿಷ್ಟು ನೇರ. ಈ ಸುರುಳಿ ಗಾಳಿಗೆ ಹಿಗ್ಗಿ ಕುಗ್ಗುವುದರಿಂದ ಬಳ್ಳಿ ಹರಿಯುವುದಿಲ್ಲ. ಇದಕ್ಕೆ ಜಾಲರಿಯೇ ಸರಿ. ಫೈಕಸ್ ಪ್ಯೂಮಿಲಾ, ಐವಿಗಳು ಬೇರಿನಿಂದ ಗೋಡೆಗೆ ಅಂಟುತ್ತವೆ. ಕಲ್ಲಿನ ಗೋಡೆಗಾದರೆ ಪರವಾಗಿಲ್ಲ. ಬಣ್ಣ ಬಳಿದ ಗೋಡೆಗೂ ಮರದ ಬೇಲಿಗೂ ನಾನು ಬೇಡವೆನ್ನುತ್ತೇನೆ, ಕಿತ್ತಾಗ ಬಣ್ಣವೂ ಜೊತೆಗೆ ಬರುತ್ತದೆ. ಬೋಗನ್‌ವಿಲಿಯಾ ಇವ್ಯಾವ ಗುಂಪಿಗೂ ಸೇರದೆ ಮುಳ್ಳೂರಿ ಒರಗಿಕೊಂಡು ಬೆಳೆಯುತ್ತದೆ. ಅದನ್ನು ನಾವೇ ಕಟ್ಟುತ್ತಿರಬೇಕು. ಓಡಾಡುವ ದಾರಿಯ ಪಕ್ಕ, ಮಕ್ಕಳು ಆಡುವ ಕಡೆ ಅದು ಬೇಡ.

ಮರೆಗೆ ನನ್ನ ಮೊದಲ ಆಯ್ಕೆ ಸ್ಟಾರ್ ಜಾಸ್ಮಿನ್. ವರ್ಷವಿಡೀ ಎಲೆ ಇರುತ್ತದೆ, ಅರೆನೆರಳು ತಡೆಯುತ್ತದೆ, ಬುಡದವರೆಗೂ ತುಂಬಿಕೊಳ್ಳುತ್ತದೆ. ಮೊದಲ ವರ್ಷ ಏನೂ ಬೆಳೆಯದಂತೆ ಕಾಣುವುದರಿಂದ ಜನ ಬೇಸರಪಟ್ಟು ಕಿತ್ತುಹಾಕುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ. ರಂಗೂನ್ ಬಳ್ಳಿ ಬೇಗ ಮುಚ್ಚುತ್ತದೆ. ಸಂಜೆ ಬೆಳ್ಳಗೆ ಅರಳಿ ಗುಲಾಬಿಯಾಗಿ ಕೆಂಪಾಗುವ ಗೊಂಚಲು ಯಾರಿಗೆ ಬೇಡ? ಆದರೆ ಅದರ ಭಾರಕ್ಕೆ ಕಬ್ಬಿಣದ ಚೌಕಟ್ಟೇ ಬೇಕು, ಚಳಿ ಮತ್ತು ಒಣಹವೆ ಇರುವಲ್ಲಿ ಎಲೆಯನ್ನೂ ಉದುರಿಸುತ್ತದೆ. ಎತ್ತರದ ಗೋಡೆಯಂಚಿನಲ್ಲೋ ಮಹಡಿಯಲ್ಲೋ ಮಣ್ಣಿನ ತೊಟ್ಟಿ ಇದ್ದರೆ ಕರ್ಟನ್ ಕ್ರೀಪರ್ ನೋಡಿ. ಅದು ಮೇಲಿಂದ ಕೆಳಕ್ಕೆ ಇಳಿಬೀಳುವುದರಿಂದ ಬುಡ ಬರಿದಾಗುವ ಚಿಂತೆಯೇ ಇಲ್ಲ. ನೀಲಿ ಹೂವಿನ ಥನ್‌ಬರ್ಜಿಯಾ ಗ್ರಾಂಡಿಫ್ಲೋರಾವನ್ನು ನಾನು ಸುಮ್ಮನೆ ಸೂಚಿಸುವುದಿಲ್ಲ. ನೆಲದೊಳಗೆ ಗೆಡ್ಡೆ ಕಟ್ಟಿಕೊಂಡು, ಕಡಿದಷ್ಟೂ ಚಿಗುರುವ ಬಳ್ಳಿ ಅದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಮರಗಳನ್ನೇ ಮುಚ್ಚುವ ಕಳೆಯಾಗಿ ಕೂತಿದೆ. ಅಲಮಂಡದ ಹಾಲು ವಿಷ, ಕತ್ತರಿಸುವಾಗ ಕೈಗವಸು ಇರಲಿ.

ಯಾವ ಬಳ್ಳಿ ಆರಿಸಿದರೂ ಮೊದಲ ವರ್ಷ ಅದನ್ನು ಅಡ್ಡಕ್ಕೆ ಬೆಳೆಸಬೇಕು. ಮೇಲಕ್ಕೆ ನೆಟ್ಟಗೆ ಹೋಗುವ ಕಾಂಡದ ತುದಿ ಆಕ್ಸಿನ್ ಎಂಬ ಹಾರ್ಮೋನನ್ನು ಕೆಳಕ್ಕೆ ಕಳಿಸುತ್ತಿರುತ್ತದೆ, ಅದು ಗೆಣ್ಣುಗಳಲ್ಲಿರುವ ಮೊಗ್ಗುಗಳನ್ನು ಚಿಗುರಲು ಬಿಡುವುದಿಲ್ಲ. ತುದಿ ಚಿವುಟಿದರೆ, ಕಾಂಡವನ್ನು ಮಲಗಿಸಿ ಕಟ್ಟಿದರೆ ಆ ಹಿಡಿತ ಸಡಿಲಾಗುತ್ತದೆ. ಸಸಿ ಒಂದಡಿ ಬಂದಾಗ ಮೂರನೆಯ ಗೆಣ್ಣಿನ ಮೇಲೆ ಚಿವುಟಿ. ಬರುವ ಎರಡು ಮೂರು ಚಿಗುರನ್ನು ನೆಲದಿಂದ ಒಂದಡಿ ಎತ್ತರದ ಮೊದಲ ತಂತಿಗೆ ಎಡಕ್ಕೊಂದು ಬಲಕ್ಕೊಂದು ಮಲಗಿಸಿ, ಬಟ್ಟೆಯ ಪಟ್ಟಿಯಿಂದ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ಕೆಲವೇ ವಾರಗಳಲ್ಲಿ ಮಲಗಿದ ಕಾಂಡದ ಗೆಣ್ಣುಗಳಿಂದ ಸಾಲಾಗಿ ಚಿಗುರು ನೆಟ್ಟಗೆ ಏಳುತ್ತವೆ. ಅವನ್ನು ಎರಡನೆಯ ತಂತಿಗೆ ಮತ್ತೆ ಹೀಗೇ ಹರಡಿ. ಕೆಳಗಿನ ಎರಡು ತಂತಿ ತುಂಬುವವರೆಗೆ ಯಾವ ಚಿಗುರನ್ನೂ ಮೇಲಕ್ಕೆ ಓಡಲು ಬಿಡಬೇಡಿ. ಕಾಂಡ ಹಸಿರಾಗಿರುವಾಗಲೇ ಇದಾಗಬೇಕು, ಕಟ್ಟಿಗೆಯಾದ ಮೇಲೆ ಬಾಗಿಸಿದರೆ ಮುರಿಯುತ್ತದೆ. ಈಗಾಗಲೇ ಬುಡ ಬೋಳಾಗಿದ್ದರೆ ಹಳೆಯ ಕಾಂಡಗಳಲ್ಲಿ ಮೂರನೇ ಒಂದು ಪಾಲನ್ನು ಪ್ರತಿ ವರ್ಷ ಚಿಗುರುವ ಕಾಲಕ್ಕೆ ಮುಂಚೆ ಒಂದಡಿಗೆ ಕತ್ತರಿಸಿ. ಒಂದೇ ಸಲ ಎಲ್ಲವನ್ನೂ ಕಡಿದರೆ ಮರೆಯೇ ಇಲ್ಲವಾಗುತ್ತದೆ. ಕತ್ತರಿಸುವಾಗ ಮೇಲ್ಭಾಗವನ್ನು ಕೆಳಗಿಗಿಂತ ತೆಳುವಾಗಿಡಿ, ಬೆಳಕು ಬುಡಕ್ಕೂ ಇಳಿಯಲಿ.

ಎಲೆ ತುಂಬಿದ ಮರೆ ಗಾಳಿಗೆ ಹಾಯಿಯಂತೆ ಎದೆಯೊಡ್ಡುತ್ತದೆ, ಮಳೆಯಲ್ಲಿ ನೆನೆದಾಗ ಭಾರವೂ ಹೆಚ್ಚು. ಆರಡಿ ಎತ್ತರ ಬೇಕಿದ್ದರೆ ಎಂಟಡಿ ಕಂಬ ತಂದು ಎರಡಡಿ ಹೂಳಿ. ತಂತಿಗಳ ನಡುವೆ ಒಂದಡಿ ಅಂತರ ಸಾಕು. ಗೋಡೆಗೆ ಕಟ್ಟುವುದಾದರೆ ತಂತಿಗೂ ಗೋಡೆಗೂ ನಡುವೆ ಎರಡು ಮೂರು ಇಂಚು ಬಿಡಿ, ಇಲ್ಲದಿದ್ದರೆ ಬಳ್ಳಿಗೆ ಸುತ್ತಲು ಜಾಗವಿರುವುದಿಲ್ಲ. ಗೋಡೆಯ ಬುಡದ ಮಣ್ಣು ಬೇಗ ಒಣಗುವುದರಿಂದ ಸಸಿಯನ್ನು ಒಂದರಿಂದ ಒಂದೂವರೆ ಅಡಿ ದೂರದಲ್ಲಿ ನೆಟ್ಟು ಗೋಡೆಯ ಕಡೆಗೆ ಓರೆಯಾಗಿ ಬಾಗಿಸಿ.

ಹೂ ಬಿಸಿಲಿರುವ ಮಗ್ಗುಲಿಗೇ ಹೆಚ್ಚು ಬಿಡುತ್ತದೆ. ನೀವು ಕೂರುವುದು ಮರೆಯ ನೆರಳಿನ ಬದಿಯಲ್ಲಾದರೆ ಹೂವೆಲ್ಲ ಪಕ್ಕದವರ ಪಾಲು. ಅಂಥಲ್ಲಿ ಹೂವಿನ ಆಸೆ ಬಿಟ್ಟು ಒಳ್ಳೆಯ ಎಲೆಯ ಬಳ್ಳಿಯನ್ನೇ ಆರಿಸುವುದು ಮೇಲು. ಎಲೆಬಳ್ಳಿ ತುಂಬಿಕೊಳ್ಳಲು ಎರಡು ಮೂರು ವರ್ಷ ತೆಗೆದುಕೊಳ್ಳುತ್ತದೆ, ಅಷ್ಟರವರೆಗೆ ನಡುನಡುವೆ ಶಂಖಪುಷ್ಪದ ಬೀಜ ಹಾಕಿದರೆ ಒಂದು ಋತುವಿನಲ್ಲೇ ತಾತ್ಕಾಲಿಕ ಮರೆ ಸಿಗುತ್ತದೆ. ಆದರೆ ಅದು ಮುಖ್ಯ ಬಳ್ಳಿಯ ಮೇಲೆ ಹಬ್ಬದಂತೆ ವಾರಕ್ಕೊಮ್ಮೆ ಬಿಡಿಸುತ್ತಿರಿ.