‘ಮಿಡ್ಲ್-ಏಜ್ಡ್’ ಪದದಲ್ಲಿ ನಾಲ್ಕನೆಯ ಪೆಟ್ಟಿಲ್ಲ

ವಿಜಯಪುರದಲ್ಲಿ ಸಂದರ್ಶನಕ್ಕೆ ಹೋಗುವವರಿಗೆ ಇಂಗ್ಲಿಷ್ ಉಚ್ಚಾರಣೆ ಕಲಿಸುವ ನನಗೆ ಪ್ರತಿ ತಂಡದಲ್ಲೂ ತಪ್ಪದೆ ಕಾಡುವ ಪದವೆಂದರೆ ‘ಮಿಡ್ಲ್-ಏಜ್ಡ್’, ಅಂದರೆ ನಡುವಯಸ್ಸಿನ. ಬೆಂಚಿನ ಮೇಲೆ ಬೆರಳಿನಿಂದ ಬಡಿದು ಉಚ್ಚಾರಾಂಶಗಳನ್ನು ಎಣಿಸಿರೆಂದರೆ ಹೆಚ್ಚಿನವರು ‘ಮಿ-ಡಲ್-ಏ-ಜೆಡ್’ ಎಂದು ನಾಲ್ಕು ಪೆಟ್ಟು ಹಾಕುತ್ತಾರೆ. ಇರುವುದು ಮೂರೇ.

ಬರೆದುದನ್ನೆಲ್ಲ ಉಚ್ಚರಿಸಬೇಕೆಂಬ ನಮ್ಮ ರೂಢಿ ಕನ್ನಡಕ್ಕೆ ಒಪ್ಪುತ್ತದೆ. ಇಂಗ್ಲಿಷಿನಲ್ಲಿ ಅದೇ ಮುಳುವಾಗುತ್ತದೆ. ಪದದ ಕೊನೆಯಲ್ಲಿ ‘ಇ’, ‘ಡಿ’ ಕಂಡೊಡನೆ ‘ಎಡ್’ ಎನ್ನುವ ಆತುರ ಬೇಡವೆಂದು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆ ಎರಡು ಅಕ್ಷರಗಳು ‘ಟ್’ ಅಥವಾ ‘ಡ್’ ಧ್ವನಿಯ ಬೆನ್ನಿಗೆ ಬಂದಾಗ ಬೇರೆಯೇ ಉಚ್ಚಾರಾಂಶವಾಗುತ್ತವೆ: ‘ಶಾರ್ಟ್-ಸೈಟಿಡ್’, ‘ಕೈಂಡ್-ಹಾರ್ಟಿಡ್’. ಉಳಿದೆಡೆ, ಕೆಲವು ಅಪವಾದಗಳನ್ನು ಬಿಟ್ಟರೆ, ಅಲ್ಲಿನ ‘ಇ’ಗೆ ಧ್ವನಿಯೇ ಇಲ್ಲ. ‘ಓಲ್ಡ್-ಫ್ಯಾಶನ್ಡ್’ ಎನ್ನಬೇಕೇ ಹೊರತು ‘ಫ್ಯಾಶನೆಡ್’ ಎನ್ನಬಾರದು.

ಇದನ್ನು ತಿಳಿಯಲು ಇಂಗ್ಲಿಷ್ ವ್ಯಾಕರಣಕ್ಕಿಂತ ನಮ್ಮ ಛಂದಸ್ಸೇ ಹೆಚ್ಚು ನೆರವಾಗುತ್ತದೆಂಬುದು ನನ್ನ ಅನುಭವ. ಹೈಸ್ಕೂಲಿನಲ್ಲಿ ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿದವರಿಗೆಲ್ಲ, ಸ್ವರವಿಲ್ಲದ ಅರ್ಧಾಕ್ಷರಕ್ಕೆ ಪ್ರತ್ಯೇಕ ಮಾತ್ರೆ ಇಲ್ಲವೆಂಬುದು ಗೊತ್ತು. ‘ಏಜ್ಡ್’ನಲ್ಲಿ ‘ಏ’ ಹೇಗೂ ಗುರು. ‘ಜ್’ ಮತ್ತು ‘ಡ್’ ಎರಡೂ ಅದಕ್ಕೆ ಅಂಟಿಕೊಂಡ ಅರ್ಧಾಕ್ಷರಗಳು, ಆದ್ದರಿಂದ ಬೀಳಬೇಕಾದುದು ಒಂದೇ ಪೆಟ್ಟು. ನಡುವಿನ ‘ಡ್ಲ್’ ಮಾತ್ರ ನಮಗೆ ವಿಚಿತ್ರವೆನಿಸುತ್ತದೆ, ಏಕೆಂದರೆ ಅಲ್ಲಿ ಸ್ವರವಿಲ್ಲದೆಯೂ ‘ಲ್’ ತಾನೇ ಉಚ್ಚಾರಾಂಶವಾಗಿ ನಿಲ್ಲುತ್ತದೆ. ಹಳೆಯ ವರ್ಣಮಾಲೆಯಲ್ಲಿ ಸ್ವರವೆಂದೇ ಎಣಿಸುತ್ತಿದ್ದ ‘ಌ’ ಅಕ್ಷರವನ್ನು ನೆನೆದರೆ ಇದು ಅಷ್ಟೇನೂ ಪರಕೀಯವಲ್ಲ. ಗದ್ದದ ಕೆಳಗೆ ಅಂಗೈ ಇಟ್ಟು, ಗದ್ದ ಇಳಿದಷ್ಟು ಸಲ ಒಂದೊಂದು ಉಚ್ಚಾರಾಂಶವೆಂದು ಎಣಿಸುವ ಉಪಾಯ ಇಲ್ಲಿ ಕೈಕೊಡುತ್ತದೆ. ‘ಡ್ಲ್’ ಎನ್ನುವಾಗ ಗದ್ದ ಕೆಳಗಿಳಿಯುವುದೇ ಇಲ್ಲ.

ಒಮ್ಮೆ ತರಗತಿಗೆ ಬಂದಿದ್ದ ಒಬ್ಬ ಅಕ್ಕೋರು, ‘ಮೊಬೈಲ್‌ನ್ಯಾಗ ಏಜಿಡ್ ಅಂತನ ಐತ್ರಿ ಸರ್, ಬೇಕಾದ್ರ ನೀವ ಕೇಳ್ರಿ’ ಎಂದು ಫೋನನ್ನು ನನ್ನ ಕಿವಿಯ ಬಳಿಗೇ ಹಿಡಿದರು. ಅವರು ಕೇಳಿದ್ದು ಸುಳ್ಳಲ್ಲ. ವಯೋವೃದ್ಧ ಎಂಬ ಅರ್ಥದಲ್ಲಿ ಒಂಟಿಯಾಗಿ ಬಂದಾಗ ಆ ಪದಕ್ಕೆ ‘ಏ-ಜಿಡ್’ ಎಂದು ಎರಡು ಉಚ್ಚಾರಾಂಶಗಳಿವೆ. ‘ಏಜ್ಡ್ ಫಿಫ್ಟಿ’ (ಐವತ್ತು ವಯಸ್ಸಿನ) ಎನ್ನುವಾಗ ಒಂದೇ, ‘ಮಿಡ್ಲ್’ ಜೊತೆ ಸೇರಿದಾಗಲೂ ಒಂದೇ. ಒತ್ತು ಸಾಮಾನ್ಯವಾಗಿ ‘ಏಜ್ಡ್’ ಮೇಲೆ ಬೀಳುತ್ತದೆ, ಆದರೆ ಮುಂದೆ ‘ಮ್ಯಾನ್’ ಎಂಬಂಥ ನಾಮಪದ ಬಂದರೆ ‘ಮಿಡ್’ ಕಡೆಗೆ ಸರಿಯುತ್ತದೆ.

ನಾಲ್ಕು ಪೆಟ್ಟು ಹಾಕಿ ಮಾತನಾಡಿದರೂ ನಮ್ಮಲ್ಲಿ ಅರ್ಥವಾಗುತ್ತದೆ, ಅಷ್ಟರಿಂದಲೇ ಯಾರ ನೌಕರಿಯೂ ತಪ್ಪುತ್ತದೆಂದು ನಾನು ಹೇಳಲಾರೆ. ಆ ಅಕ್ಕೋರು ಮರುದಿನ, ಚಕ್ಕಳಮಕ್ಕಳ ಹಾಕಿ ಕೂತವರನ್ನು ‘ಕ್ರಾಸ್-ಲೆಗ್ಡ್’ ಎನ್ನಬೇಕೋ ‘ಲೆಗಿಡ್’ ಎನ್ನಬೇಕೋ ಎಂದು ಕೇಳಿದರು. ನಿಘಂಟುಗಳು ಎರಡನ್ನೂ ಒಪ್ಪುತ್ತವೆ ಎಂದೆ. ಅವರಿಗೆ ಈ ಉತ್ತರ ಸಮಾಧಾನ ಕೊಡಲಿಲ್ಲ.